ಮಗುಚಿದ ತಟ್ಟೆ ಎಂದರೆ ಬಿಸಿನೀರು

೮ ಜನವರಿ ೧೯೭೯

ಚನ್ನಗಿರಿಗೆ ಬಂದು ಸೇರಿದೆ. ಸೊಕ್ಕೆಯಿಂದ ಜಗಳೂರು, ಜಗಳೂರಿನಿಂದ ದಾವಣಗೆರೆ, ಅಲ್ಲಿಂದ ಇಲ್ಲಿಗೆ, ಮೂರು ಬಸ್ಸು. ಮೂರರಲ್ಲೂ ಕಂಡಕ್ಟರ್ ಸೀಟಿ ಊದಿದಾಗ ಕಿಟಕಿಯ ಕಡೆ ತಿರುಗಿ ಕೂತೆ.

ಈ ಡೈರಿ ನಮ್ಮನೆಯವರದು. ಬಸ್ ಕಂಪನಿಯವರು ಹೋದ ವರ್ಷ ಕಂಡಕ್ಟರುಗಳಿಗೆ ಹಂಚಿದ್ದು. ಅವರು ಒಂದು ಸಾಲನ್ನೂ ಬರೆದಿರಲಿಲ್ಲ. ದಿನವಿಡೀ ಮಾತಾಡುವ ಮನುಷ್ಯನಿಗೆ ಬರೆಯಲು ಏನು ಉಳಿದಿರುತ್ತದೆ? ಮನೆಯಲ್ಲಿ ಅವರು ಹೇಳುವುದು, ನಾನು ಹೂಂ ಅನ್ನುವುದು. ಕಾಮಾಲೆ ಬಂದು ಹದಿನೆಂಟೇ ದಿನಕ್ಕೆ ಹೋದರು. ಇಂದಿಗೆ ತೊಂಬತ್ತೊಂದು ದಿನ.

ಶಿವಗಂಗಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸ. ಅಡಿಕೆ ಮಂಡಿಯ ಮಹೇಶ್ವರಪ್ಪನವರು ತಮ್ಮ ತಾಯಿಯ ಹೆಸರಿನಲ್ಲಿ ಕಟ್ಟಿಸಿದ ಧರ್ಮಾಸ್ಪತ್ರೆ. ಅವರೇ ಕಾರ್ಯದರ್ಶಿ. ಗಾದ್ರಮ್ಮ ಏಳನೇ ಕ್ಲಾಸು ಪಾಸಾಗಿದ್ದಾಳೆಂದು ನಮ್ಮೂರ ಮೇಷ್ಟರು ಬರೆದುಕೊಟ್ಟ ಕಾಗದ ನೋಡಿ ತೆಗೆದುಕೊಂಡರು. ಹಿಂಭಾಗದಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆ.

ಹೊರಡುವಾಗ ಭಾವ ತಿಪ್ಪೇರುದ್ರಸ್ವಾಮಿ ಬಸ್ಸಿನ ಹತ್ತಿರ ನಿಂತು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದ: “ಮುಂಡೆ ನೌಕರಿ ಮಾಡಾಕೆ ಹೊಂಟಾಳೆ ನೋಡ್ರಪ್ಪ. ಉಗಾದಿಗೆ ಗಂಟು ಹೊತ್ಕೊಂಡು ವಾಪಸ್ ಬರ್ತಾಳೆ. ಕೊಟ್ಟಿಗೆ ಕಸ ಅಲ್ಲೇ ಬಿದ್ದಿರ್ತೈತೆ, ಎಲ್ಲೂ ಹೋಗಾದಿಲ್ಲ.”

ವಾಪಸ್ಸು ಹೋಗಬಾರದು. ಬೇರೇನೂ ಬೇಡ.

೧೧ ಜನವರಿ

ಇಲ್ಲಿ ಯಾರೂ ಮಾತಾಡುವುದಿಲ್ಲ. ನನಗೆ ಬಹಳ ಅನುಕೂಲವಾಯಿತು.

ನರ್ಸುಗಳು ಇಬ್ಬರು, ಕೇರಳದವರು. ದೊಡ್ಡವರು ಏಲಿಯಮ್ಮ ಸಿಸ್ಟರ್, ಚಿಕ್ಕವಳು ಕುಂಜಮ್ಮ ಸಿಸ್ಟರ್. ಆಯಾಗಳು ನನ್ನನ್ನು ಸೇರಿಸಿ ಮೂವರು. ದೊಡ್ಡಾಕೆ ಬಂಗಾರಮ್ಮ, ಇಪ್ಪತ್ತೆರಡು ವರ್ಷದ ಸರ್ವೀಸು. ಇನ್ನೊಬ್ಬಳು ಶಂಕ್ರಮ್ಮ. ನರ್ಸುಗಳಿಗೂ ಆಯಾಗಳಿಗೂ ಎರಡು ವರ್ಷದಿಂದ ಮಾತಿಲ್ಲ. ಹಾಗಾದರೆ ಕೆಲಸ ಹೇಗೆ ನಡೆಯುತ್ತದೆ ಎಂದು ಶಂಕ್ರಮ್ಮನನ್ನು ಕೇಳಿದೆ. ಲೇಬರ್ ರೂಮಿಗೂ ವಾರ್ಡಿಗೂ ನಡುವಿನ ಕಿಟಕಿಯ ಕಟ್ಟೆ ತೋರಿಸಿದಳು.

“ಇಲ್ಲಿ ನೋಡ್ಕೋ. ತಟ್ಟೆ ಮಗುಚಿ ಇಟ್ಟರೆ ಬಿಸಿನೀರು. ಖಾಲಿ ಸೀಸೆ ಇಟ್ಟರೆ ನೆಲ ಒರೆಸ್ಬೇಕು. ಕತ್ತರಿ ಬಾಯಿ ತೆಗೆದಿದ್ರೆ ಹೆರಿಗೆ ಹತ್ರ ಬಂತು ಅಂತ.”

“ನಾವು ಏನಾದ್ರೂ ಹೇಳ್ಬೇಕಾದ್ರೆ?”

“ಪೊರಕೆ. ನೆಟ್ಟಗೆ ನಿಲ್ಸಿದ್ರೆ ಆಯ್ತು ಅಂತ. ತಲೆಕೆಳಗೆ ನಿಲ್ಸಿದ್ರೆ, ನೀವೇ ಮಾಡ್ಕೊಳ್ರೀ ಅಂತ.”

ಪೊರಕೆಗೂ ತಟ್ಟೆಗೂ ಮೀರಿದ ವಿಷಯವಿದ್ದರೆ ವಾಚ್‌ಮನ್ ತಿಪ್ಪೇಶಪ್ಪ ಹೊತ್ತೊಯ್ಯುತ್ತಾನೆ. ಇಂದು ಬಂಗಾರಮ್ಮ ಅವನ ಕೈಲಿ ಹೇಳಿ ಕಳಿಸಿದಳು: “ಆ ಕೊಕ್ಕರೆಗೆ ಹೇಳು, ಬೆಡ್‌ಶೀಟು ಒಣಗಿಲ್ಲ, ಬೇಕಾದ್ರೆ ಸೂರ್ಯನ್ನ ಬೈಕೋ ಅಂತ.” ತಿಪ್ಪೇಶಪ್ಪ ಆ ಕಡೆ ಹೋಗಿ ಕೈ ಮುಗಿದು, “ಬಂಗಾರಮ್ಮನೋರು ನಮಸ್ಕಾರ ಹೇಳಿದ್ರು ಸಿಸ್ಟರ್. ಬಟ್ಟೆ ಸಂಜಿಗೆ ಕೊಡ್ತಾರಂತೆ” ಅಂದ. ಬರುವಾಗ ನನಗೆ ಹೇಳಿದ: “ಬೈಗಳ ಹೊತ್ಕೊಂಡು ಹೋಗೋ ದಾರಿಯಾಗೆ ಅರ್ಧ ಚೆಲ್ಲಿಬಿಡ್ತೀನಿ ಕಣಮ್ಮ. ಅದ್ಕೇ ಈ ಆಸ್ಪತ್ರೆ ಇನ್ನೂ ನಿಂತೈತೆ.”

ತೊಂಬತ್ತನಾಲ್ಕು ದಿನ.

೧೯ ಜನವರಿ

ಇಂದು ಒಂದು ತಪ್ಪಾಯಿತು. ಏಲಿಯಮ್ಮ ಸಿಸ್ಟರ್ ನನ್ನನ್ನು ನೋಡಿ, “ಮೋಳೇ, ಇವಿಡೆ ವಾ” ಅಂದರು. ನನ್ನೊಂದಿಗೆ ಮಾತ್ರ ಅವರು ಮಾತಾಡುತ್ತಾರೆ, ನಾನು ಜಗಳದ ನಂತರ ಬಂದವಳೆಂದು. ಮೊಳೆ ಬೇಕಿರಬೇಕು ಎಂದುಕೊಂಡೆ. ಏನಾದರೂ ನೇತು ಹಾಕಲು ಇರಬಹುದು. ತಿಪ್ಪೇಶಪ್ಪನ ಹತ್ತಿರ ಹೋಗಿ ಐದು ಮೊಳೆ ತಂದೆ. ಸಿಸ್ಟರ್ ಅಂಗೈಯಲ್ಲಿ ಮೊಳೆಗಳನ್ನು ಹಿಡಿದು ನನ್ನನ್ನೂ ಮೊಳೆಗಳನ್ನೂ ಬಹಳ ಹೊತ್ತು ನೋಡಿದರು. ಸಾಲದೇನೋ ಎಂದು ಸುತ್ತಿಗೆಯನ್ನೂ ತಂದುಕೊಟ್ಟೆ.

ಕುಂಜಮ್ಮ ಸಿಸ್ಟರ್ ಮೂಲೆಯಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಅವರ ಭಾಷೆಯಲ್ಲಿ ಮೋಳೆ ಅಂದರೆ ಮಗಳು, ಇವಿಡೆ ವಾ ಅಂದರೆ ಇಲ್ಲಿ ಬಾ ಎಂದು ಆಮೇಲೆ ಹೇಳಿದಳು.

ನೂರೆರಡು ದಿನ.

೨೭ ಜನವರಿ

ಇಂದು ಲೇಬರ್ ರೂಮಿನಲ್ಲಿ, ಮಗು ಹೊರಗೆ ಬರುವ ಹೊತ್ತಿಗೆ, ಏಲಿಯಮ್ಮ ಸಿಸ್ಟರ್ ನನ್ನ ಕಡೆ ಕೈ ಚಾಚಿ ಕೂಗಿದರು. “ಮುಂಡೆ, ತಾ!”

ಅವರೂ ಅಂದರು.

ನೂರಹತ್ತು ದಿನ.

೨೯ ಜನವರಿ

ಕಣ್ಣು ಕೆಂಪಾಗಿದ್ದನ್ನು ಬಂಗಾರಮ್ಮ ನೋಡಿದಳು. “ನಿಂಗೂ ಅಂದ್ಲಾ?” ಎಂದಳು. ನಾನು ಹೂಂ ಅಂದೆ. ನೀರೊಲೆಯ ಮುಂದೆ ಕೂರಿಸಿಕೊಂಡು ಎರಡು ವರ್ಷದ ಹಿಂದಿನದನ್ನು ಹೇಳಿದಳು.

ಏಲಿಯಮ್ಮ ಬಂದು ಆಗ ಒಂದೇ ವಾರ. ಸಂತೇಬೆನ್ನೂರಿನ ಹೆಂಗಸಿನ ಹೆರಿಗೆ. ಕೂಸು ಬಂತು, ಗಡಿಬಿಡಿ. “ಹತ್ತೊಂಬತ್ತಕ್ಕೇ ಗಂಡನ್ನ ಕಳ್ಕೊಂಡೋಳು ನಾನು. ಅತ್ತೆ ಮನ್ಯಾಗೆ ಆ ಮಾತು ಕೇಳಿ ಕೇಳಿ ಸಾಕಾಗಿ ಇಲ್ಲಿಗೆ ಬಂದೆ. ಇಲ್ಲಿಯೂ ಹತ್ತು ಜನದ ಮುಂದೆ ಮುಂಡೆ ತಾ, ಮುಂಡೆ ತಾ ಅಂತಾಳಲ್ಲ! ಎಲ್ಡು ಸಲ!”

“ನೀವೇನಂದ್ರಿ?”

“ನಾನೇನಂದೆ? ಪಟ್ಟಿ ಕೇಳ್ತಿದ್ದೆ. ಬಾಣಂತಿ ಹೊಟ್ಟೆಗೆ ಕಟ್ಟಾಕೆ ಪಟ್ಟಿ ಬೇಕಲ್ಲ? ಪಟ್ಟಿ, ಪಟ್ಟಿ ಅಂತ ಕೂಗ್ದೆ. ಅಷ್ಟಕ್ಕೇ ಆಕಿ ಕಣ್ಣು ಕೆಂಡ ಆದ್ವು. ಬಾಣಂತಿ ಬಿಟ್ಟು ಹೊರಗೆ ಹೋಗಿ ಅತ್ಲು. ಬೈದೋಳು ಆಕಿ, ಅತ್ತೋಳೂ ಆಕಿ! ಇಂಥ ನಾಟಕ ಎಲ್ಲಾರ ನೋಡೀಯಾ?”

ನಾನು ತಲೆ ಆಡಿಸಿದೆ. ಅವಳು ಒಲೆಗೆ ಸೌದೆ ತಳ್ಳಿದಳು. ನನ್ನ ಕೆನ್ನೆ ಹಿಂಡಿ, “ಗಾದ್ರಿ, ಅಳ್ಬ್ಯಾಡ, ಆಕಿಗೆ ತಣ್ಣೀರು ಕೊಡು” ಎಂದಳು. ಸಂಜೆ ತಟ್ಟೆ ಮಗುಚಿತ್ತು. ನಾನು ತಣ್ಣೀರು ಕೊಡಲಿಲ್ಲ. ಬಿಸಿಯನ್ನೇ ಕೊಟ್ಟೆ. ಸ್ವಲ್ಪ ಕಡಿಮೆ ಬಿಸಿ.

೬ ಫೆಬ್ರವರಿ

ದೊಡ್ಡ ಗಲಾಟೆ. ಬೆಕ್ಕಿನಿಂದ ಶುರುವಾಯಿತು.

ಬೆಳಿಗ್ಗೆ ಬೆಕ್ಕು ಕಿಟಕಿ ಕಟ್ಟೆಯ ಮೇಲೆ ಓಡಾಡಿ ತಟ್ಟೆ ಮಗುಚಿತು. ಶಂಕ್ರಮ್ಮ ಬಿಸಿನೀರು ಇಟ್ಟು ತಟ್ಟೆ ನೆಟ್ಟಗೆ ಮಾಡಿ ಹೋದಳು. ಬೆಕ್ಕು ಮತ್ತೆ ಮಗುಚಿತು. ಹೀಗೆ ನಾಲ್ಕು ಸಲ. ಇಷ್ಟು ನೀರು ಬಂದಿದೆಯಲ್ಲ, ಕೂಸುಗಳಿಗೆ ಸ್ನಾನ ಮಾಡಿಸಬೇಕೆಂದು ಇವರು ಹೇಳುತ್ತಿದ್ದಾರೆ ಎಂದುಕೊಂಡು ನರ್ಸುಗಳು ಸ್ನಾನ ಮಾಡಿಸಿದರು. ಅದು ಗೊತ್ತಿಲ್ಲದೆ ಎಂಟು ಗಂಟೆಗೆ ನಾವು ಮಾಡಿಸಿದೆವು. ಮೂರನೇ ಮಂಚದ ಕೂಸಿಗೆ ಎರಡು ಸ್ನಾನ. ನಾಲ್ಕನೇ ಮಂಚದ್ದಕ್ಕೆ, ಅವರು ಮಾಡಿಸಿರಬಹುದು ಎಂದು ನಾವು, ನಾವು ಮಾಡಿಸುತ್ತೇವೆ ಎಂದು ಅವರು, ಎರಡು ದಿನದಿಂದ ಸ್ನಾನವೇ ಇಲ್ಲ.

ಮೂರನೇ ಮಂಚದ ಅಜ್ಜಿ ತ್ಯಾವಣಿಗೆಯವಳು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನೇರ ಮಂಡಿಗೇ ಹೋದಳಂತೆ. “ನಮ್ಮ ಕೂಸೇನು ಎಮ್ಮೆ ಕರಾನಾ ಯಜಮಾನ್ರೇ, ಹೊತ್ತಿಗೊಂದು ಸಲ ಮೈ ತೊಳ್ಯಾಕೆ?”

ಮಹೇಶ್ವರಪ್ಪನವರು ಮಧ್ಯಾಹ್ನ ಬಂದರು. ಎಲ್ಲರನ್ನೂ ವರಾಂಡದಲ್ಲಿ ನಿಲ್ಲಿಸಿದರು. ನರ್ಸುಗಳು ಒಂದು ಕಂಬಕ್ಕೆ, ನಾವು ಇನ್ನೊಂದು ಕಂಬಕ್ಕೆ. ಆಸ್ಪತ್ರೆಗೆ ಒಬ್ಬರೇ ಡಾಕ್ಟರಮ್ಮ, ಅವರು ನಡುವೆ ನಿಂತು ಕನ್ನಡಕ ಒರೆಸುತ್ತಿದ್ದರು.

“ನ್ಯಾಮತಿಗೆ ಕೊಟ್ಟಿರೋ ನನ್ನ ಮಗಳು ಅನ್ನಪೂರ್ಣ ಚೊಚ್ಚಲ ಹೆರಿಗೆಗೆ ಬಂದೈತೆ. ಮಾರ್ಚ್‌ನಾಗೆ ದಿನ. ಅವರತ್ತೆ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ತೀವಿ ಅಂತ ಕೂತಾರೆ. ನನ್ನ ತಾಯಿ ಹೆಸ್ರಿನ ಆಸ್ಪತ್ರೆ ಬಿಟ್ಟು ನನ್ನ ಮಗಳು ಶಿವಮೊಗ್ಗಕ್ಕೆ ಹೋದ್ರೆ ನಾನು ಊರಾಗೆ ಹೆಂಗೆ ತಲೆ ಎತ್ಲಿ? ಅಷ್ಟರಾಗೆ ನೀವು ಎದುರುಬದುರು ನಿಂತು ಮಾತಾಡಿದ್ರೋ ಸರಿ. ಇಲ್ಲಾಂದ್ರೆ ಒಬ್ಬೊಬ್ಬರನ್ನೇ ತೆಗಿತಾ ಬರ್ತೀನಿ. ಕೊನೆಗೆ ಬಂದೋರು ಮೊದ್ಲು ಹೋಗ್ತಾರೆ.”

ಎರಡು ಕಂಬದವರೂ ನನ್ನ ಕಡೆ ನೋಡಿದರು. ಎರಡು ವರ್ಷದಲ್ಲಿ ಅವರೆಲ್ಲ ಒಟ್ಟಿಗೆ ಮಾಡಿದ್ದು ಅದೊಂದೇ ಕೆಲಸವಂತೆ. ತಿಪ್ಪೇಶಪ್ಪ ಹೇಳಿದ.

೮ ಫೆಬ್ರವರಿ

ಇವರನ್ನು ಮಾತಾಡಿಸಬೇಕು. ಮಾತಾಡಿಸಬೇಕಾದವಳು ನಾನು. ಸೊಕ್ಕೆಯಲ್ಲಿ ಈ ಸುದ್ದಿ ಕೇಳಿದರೆ ನಗುತ್ತಾರೆ.

ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನೀರಿನ ಕೊಡದ ಮುಂದೆ ಕೂತು ಅಭ್ಯಾಸ ಮಾಡಿದೆ. “ಬಂಗಾರಮ್ಮನೋರೇ, ಒಂದು ಮಾತು” ಎಂದೆ. ಕೊಡ ಸುಮ್ಮನಿತ್ತು. ನಾನೂ ಸುಮ್ಮನಾದೆ. ಮುಂದೆ ಏನೆಂದು ಹೇಳುವುದು?

೧೪ ಫೆಬ್ರವರಿ

ಇಂದಿನದನ್ನು ಹೇಗೆ ಬರೆಯಲಿ! ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿದೆ.

ಮಧ್ಯಾಹ್ನ ತಾರಸಿಯ ಮೇಲೆ ಒಗೆದ ಬಟ್ಟೆ ಮಡಿಸುತ್ತಿದ್ದೆ. ಕುಂಜಮ್ಮ ಸಿಸ್ಟರ್ ಬಂದಳು. ಇಪ್ಪತ್ತೆರಡು ವರ್ಷದ ಹುಡುಗಿ, ಮಾತಿಲ್ಲದೆ ಬಾಡಿಹೋಗಿದ್ದಾಳೆ. ನೆರಳಿನಲ್ಲಿ ಕೂತು, “ವೆಳ್ಳಂ” ಎಂದು ಕೈಸನ್ನೆ ಮಾಡಿದಳು. ಪಾಪ, ಹಸಿದಿರಬೇಕು ಎಂದು ಕೆಳಗೆ ಹೋಗಿ ಒಂದು ಅಚ್ಚು ಬೆಲ್ಲ ತಂದೆ. ಅವಳು ಬೆಲ್ಲ ನೋಡಿದಳು. “ವೆಳ್ಳಂ, ವೆಳ್ಳಂ” ಎಂದಳು. ಇನ್ನೊಂದು ಅಚ್ಚು ತಂದೆ. ಕೊನೆಗೆ ಅವಳು ಹೆಬ್ಬೆರಳು ಬಾಯಿಗೆ ಎತ್ತಿ ಗಟಗಟ ಎಂದು ತೋರಿಸಿದಾಗ ನೀರು ಎಂದು ತಿಳಿಯಿತು.

ಆಮೇಲೆ ಆಟ ಶುರುವಾಯಿತು. ನಾನೊಂದು ತೋರಿಸುವುದು, ಅವಳೊಂದು ಹೇಳುವುದು. ಅವಳದು ಒಂದು, ನಮ್ಮದು ಒಂದು. ಅವರ ಚೇಚಿ ನಮ್ಮ ಅಕ್ಕ. ಬಾಣಂತಿಯರ ಹೊಟ್ಟೆಗೆ ಕಟ್ಟುವ ಉದ್ದನೆ ಬಟ್ಟೆ ಮಡಿಸುತ್ತ ನಾನು “ಇದು ಪಟ್ಟಿ” ಎಂದೆ.

ಅವಳ ಮುಖ ಬಿಳುಪಾಯಿತು. “ಛೀ, ಅಂಗೆ ಹೇಳಬೇಡ ಚೇಚಿ.”

“ಯಾಕೆ? ಪಟ್ಟಿ. ಹೊಟ್ಟೆಪಟ್ಟಿ.”

ಅವಳು ಸುತ್ತ ನೋಡಿ, ಬಗ್ಗಿ, ನನ್ನ ಕಿವಿಯಲ್ಲಿ ಮೆಲ್ಲಗೆ “ಬೌ ಬೌ” ಎಂದಳು.

ಅವರಲ್ಲಿ ಪಟ್ಟಿ ಎಂದರೆ ನಾಯಿ! ಎರಡು ವರ್ಷದ ಹಿಂದೆ ಬಂಗಾರಮ್ಮ ಹತ್ತು ಜನದ ಮುಂದೆ ಏಲಿಯಮ್ಮನವರ ಮುಖ ನೋಡಿ ನಾಯಿ, ನಾಯಿ ಎಂದು ಕೂಗಿದ್ದಾಳೆ. ನನಗೆ ಅಲ್ಲೇ ಏನೋ ಹೊಳೆಯಿತು. ಕೈಲಿದ್ದ ಅದೇ ಬಟ್ಟೆಯನ್ನು ಎತ್ತಿ ಹಿಡಿದು ಕೇಳಿದೆ: “ಹಂಗಾದ್ರೆ ಇದಕ್ಕೆ ನೀವು ಏನಂತೀರಿ?”

“ಇದಾ? ಮುಂಡ್. ಬಟ್ಟೆಗೆ ಮುಂಡ್.”

“ಮುಂಡ್ ತಾ ಅಂದ್ರೆ?”

“ಬಟ್ಟೆ ಕೊಡು.”

ನಾನು ತಾರಸಿಯ ಮೇಲೆ ಕೂತುಬಿಟ್ಟೆ. ಇಬ್ಬರೂ ಒಂದೇ ಬಟ್ಟೆ ಕೇಳಿದ್ದಾರೆ! ಬಟ್ಟೆ ತಾ ಎಂದು ಅವರು ಇವಳನ್ನು, ಬಟ್ಟೆ ಕೊಡಿ ಎಂದು ಇವಳು ಅವರನ್ನು. ನಮ್ಮಲ್ಲಿ ಮುಂಡೆ ಎಂದರೆ ಏನೆಂದು ಕುಂಜಮ್ಮನಿಗೆ ಹೇಳಿದೆ. ನನ್ನನ್ನೇ ತೋರಿಸಿ ಹೇಳಿದೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಬೆರಳ ಸಂದಿಯಿಂದ ನಗು ಬಂತು. ನನಗೂ ಬಂತು. ಎರಡು ವರ್ಷ ಪೊರಕೆ ತಲೆಕೆಳಗೆ ನಿಲ್ಲಿಸಿದ್ದು, ತಟ್ಟೆ ಮಗುಚಿದ್ದು, ಆ ಬೆಕ್ಕು! ಅವಳು ಬೆಡ್‌ಶೀಟಿನ ಮೇಲೆ ಉರುಳಾಡಿದಳು. ಕೆಳಗಿನಿಂದ ತಿಪ್ಪೇಶಪ್ಪ “ಯಾರ್ರೀ ಅದು ಮ್ಯಾಲೆ? ಚೇಳು ಕಡೀತಾ?” ಎಂದು ಕೂಗಿದ.

ನಮ್ಮನೆಯವರಿದ್ದಿದ್ದರೆ ಇದನ್ನು ಜಗಳೂರಿನಿಂದ ದಾವಣಗೆರೆತನಕ ಬಸ್ಸಿನವರಿಗೆಲ್ಲ ಹೇಳಿ, ಟಿಕೆಟ್ ಕೊಡುವುದನ್ನೇ ಮರೆಯುತ್ತಿದ್ದರು.

೧೫ ಫೆಬ್ರವರಿ

ಬಂಗಾರಮ್ಮನಿಗೆ ಹೇಳಿದೆ. ನನ್ನ ಜನ್ಮದಲ್ಲಿ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದಿಲ್ಲ. ಅವಳು ಕೇಳಿದಳು, ಕೇಳಿದಳು, ಆಮೇಲೆ ಕಣ್ಣು ಸಣ್ಣ ಮಾಡಿದಳು.

“ಮೀನು ತಿನ್ಸಿದ್ರಾ ನಿಂಗೆ?”

“ಇಲ್ಲ ರೀ!”

“ಮತ್ತೆ ಆ ಕಡೆ ವಕಾಲತ್ತು ಯಾಕೆ? ಬಟ್ಟೆಗೆ ಮುಂಡೆ ಅಂತಾರಂತೆ. ನಾಳೆ ಸೀರೆಗೆ ಸೂ… ಬ್ಯಾಡ, ನನ್ನ ಬಾಯಾಗೆ ಅನ್ಸಬ್ಯಾಡ.”

೧೬ ಫೆಬ್ರವರಿ

ಏಲಿಯಮ್ಮ ಸಿಸ್ಟರ್‌ಗೂ ಹೇಳಿದೆ. ಅವರು ಸೂಜಿ ಕುದಿಸುತ್ತಿದ್ದರು. ತಿರುಗಿ ನೋಡಲಿಲ್ಲ. “ಗಾದ್ರಮ್ಮ, ನೀ ಒಳ್ಳೇದು. ಅದಕ್ಕೆ ಒಳ್ಳೇ ಕಥೆ ಮಾಡ್ತಾಯಿದೆ. ನಾಯಿ ಅಂದದ್ದು ನನ್ನ ಕಿವಿ ಕೇಳ್ತು. ಮುಖ ನೋಡಿ ಅಂದದ್ದು.”

“ಮುಖ ನೋಡ್ದೆ ಹೆಂಗೆ ಕೇಳಾದು ಸಿಸ್ಟರ್, ಬಟ್ಟೆ ನಿಮ್ಮ ಕಡೆ ಐತೆ ಅಂತ ತಿಳ್ಕೊಂಡಿದ್ರಲ್ಲ ಅವ್ರು?”

ಸೂಜಿಗಳು ನೀರಿನಲ್ಲಿ ಕುಣಿಯುತ್ತಿದ್ದವು. ಅವರು ಒಲೆಯ ಉರಿ ಸಣ್ಣ ಮಾಡಿದರು.

೨೩ ಫೆಬ್ರವರಿ

ತಿಪ್ಪೇಶಪ್ಪ ಓಡಿ ಬಂದು ಹೇಳಿದ ಸುದ್ದಿ. ಬಸ್‌ಸ್ಟ್ಯಾಂಡಿನಲ್ಲಿ ಕೇರಳದವನೊಬ್ಬನ ಚಹಾದಂಗಡಿ ಇದೆ. ಬಂಗಾರಮ್ಮ ಅಲ್ಲಿಗೆ ಹೋಗಿ, ಚಹಾ ಕುಡಿಯದವಳು ಚಹಾ ತೆಗೆದುಕೊಂಡು, ಅರ್ಧ ಗಂಟೆ ಕೂತಿದ್ದಳಂತೆ. ಅಂಗಡಿಯಲ್ಲಿ ಯಾರೂ ಇಲ್ಲದ್ದು ನೋಡಿ ಕೇಳಿದ್ದಾಳೆ: “ಏನಪ್ಪಾ, ನಿಮ್ಮ ಕಡೆ ಮುಂಡ್ ಅಂದ್ರೆ ಏನು? ತೋರ್ಸು ನೋಡಾನ.”

ಅವನು ಹಿಂದೆ ಮುಂದೆ ನೋಡದೆ ತಾನು ಉಟ್ಟಿದ್ದ ಪಂಚೆಯ ತುದಿ ಹಿಡಿದು ಮೇಲಕ್ಕೆತ್ತಿದನಂತೆ, ಇದೇ ಎಂದು.

“ಚಹಾ ಗ್ಲಾಸು ಅಲ್ಲೇ ಬಿಟ್ಟು ಓಡಿದ್ಲು ಕಣಮ್ಮ! ನಾನು ಕಣ್ಣಾರೆ ನೋಡ್ದೆ, ಬೀಡಾ ಅಂಗಡಿ ಹಿಂದೆ ನಿಂತಿದ್ದೆ.”

ಸಂಜೆ ಕುಂಜಮ್ಮ ಇನ್ನೊಂದು ಹೇಳಿದಳು. ಏಲಿಯಮ್ಮ ಸಿಸ್ಟರ್ ವಾರ್ಡಿನಲ್ಲಿ ಪ್ರತಿ ಬಾಣಂತಿಯ ಹತ್ತಿರವೂ ನಿಂತು, ಹೊಟ್ಟೆ ಮುಟ್ಟಿ, “ಇದು ಕಟ್ಟಿದ್ದು ಹೆಸರು ಏನು?” ಎಂದು ಕೇಳಿದರಂತೆ. ಆರು ಜನವೂ “ಪಟ್ಟಿ” ಎಂದರಂತೆ. ಆರನೆಯವಳ ಹತ್ತಿರ ಸಿಸ್ಟರ್ ಮಂಚದ ಮೇಲೇ ಕೂತರಂತೆ.

ಇಬ್ಬರಿಗೂ ಗೊತ್ತಾಗಿದೆ. ಆದರೂ ಮಾತಿಲ್ಲ! ಬಂಗಾರಮ್ಮ ಅನ್ನುತ್ತಾಳೆ: “ನಾನ್ಯಾಕೆ ಮೊದ್ಲು ಮಾತಾಡ್ಲಿ? ಎಲ್ಡು ವರ್ಷ ಬೈಕೊಂಡು ಓಡಾಡೀನಿ. ಈಗ ಏನಂತ ಶುರು ಮಾಡ್ಲಿ, ಊಟ ಆಯ್ತಾ ಅಂತಲಾ?” ಏಲಿಯಮ್ಮ ಸಿಸ್ಟರ್ ನನಗೆ ಅಂದರು: “ಹೇಗೆ ಮೋಳೇ? ನಾಚಿಕೆ ಆಯ್ತದೆ.”

ಮೊದಲು ಸಿಟ್ಟಿಗೆ ಸುಮ್ಮನಿದ್ದರು, ಈಗ ನಾಚಿಕೆಗೆ. ನನ್ನ ಕೆಲಸಕ್ಕೆ ಎರಡೂ ಒಂದೇ.

ಒಂದು ವ್ಯತ್ಯಾಸವಿದೆ. ತಲೆಕೆಳಗಿದ್ದ ಪೊರಕೆ ಇಂದು ಸಂಜೆ ನೆಟ್ಟಗೆ ನಿಂತಿದೆ.

೫ ಮಾರ್ಚ್

ಭಾವನ ಕಾಗದ ಬಂತು. ಉಗಾದಿಗೆ ಬಂದು ಕರೆದುಕೊಂಡು ಹೋಗುತ್ತಾನಂತೆ. ಎಮ್ಮೆ ಈದಿದೆಯಂತೆ, ನೋಡಿಕೊಳ್ಳುವವರಿಲ್ಲವಂತೆ.

ಕಾಗದವನ್ನು ಮಡಿಸಿ ಕೋಣೆಯ ಮೇಜಿನ ಕಾಲಿನ ಕೆಳಗೆ ಇಟ್ಟೆ. ಮೇಜು ಅಲ್ಲಾಡುವುದು ನಿಂತಿತು.

೧೨ ಮಾರ್ಚ್

ಮೊದಲಿನಿಂದ ಬರೆಯಬೇಕು, ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ಡಾಕ್ಟರಮ್ಮ ಬೆಳಿಗ್ಗೆಯೇ ಹೊನ್ನಾಳಿಗೆ ಕುಟುಂಬ ಯೋಜನೆ ಕ್ಯಾಂಪಿಗೆ ಹೋಗಿದ್ದರು. ಅನ್ನಪೂರ್ಣಮ್ಮನಿಗೆ ಇನ್ನೂ ಎಂಟು ದಿನ ಇದೆ ಎಂದಿದ್ದರು. ಹನ್ನೊಂದು ಗಂಟೆಗೆ ಜೀಪು ಬಂದು ನಿಂತಿತು. ಮಹೇಶ್ವರಪ್ಪನವರು, ಅವರ ಮಗಳು, ನ್ಯಾಮತಿಯ ಬೀಗಿತಿ. ಬೀಗಿತಿ ವರಾಂಡದ ಬೆಂಚಿನ ಮೇಲೆ ಕೂತು, “ನೋಡಾನ, ನಿಮ್ಮ ಆಸ್ಪತ್ರೆ ಚಂದ ನೋಡಾನ” ಎಂದರು. ಅವರ ಮೂಗುತಿಯೂ ನಮ್ಮನ್ನು ನೋಡುತ್ತಿತ್ತು.

ಒಳಗೆ ಏಲಿಯಮ್ಮ ಸಿಸ್ಟರ್ ಮಂಚದ ಒಂದು ಕಡೆ, ಬಂಗಾರಮ್ಮ ಇನ್ನೊಂದು ಕಡೆ. ತಲೆಯ ಹತ್ತಿರ ಕುಂಜಮ್ಮ. ಬಟ್ಟೆಯ ಕಪಾಟಿನ ಹತ್ತಿರ ನಾನು. ಮೂರು ಗಂಟೆತನಕ ಎಲ್ಲ ಕೈಸನ್ನೆಯಲ್ಲೇ ನಡೆಯಿತು. ಅನ್ನಪೂರ್ಣಮ್ಮ ನೋವಿನ ನಡುವೆಯೂ ಇವರ ಮುಖ ಅವರ ಮುಖ ನೋಡಿ, “ಯಾರಾದ್ರೂ ಏನಾದ್ರೂ ಮಾತಾಡ್ರೀ, ನಂಗೆ ಭಯ ಆಗ್ತೈತೆ” ಎಂದು ಅಳತೊಡಗಿದರು. ಇಬ್ಬರೂ ಬಾಯಿ ತೆರೆದರು. ಇಬ್ಬರೂ ಮುಚ್ಚಿದರು.

ಮಗುವಿನ ತಲೆ ಕಂಡಿತು. ಏಲಿಯಮ್ಮ ಸಿಸ್ಟರ್ ಎರಡೂ ಕೈ ಚಾಚಿ ಹಿಡಿದಿದ್ದರು. ಬಟ್ಟೆ ಬೇಕು. ನನ್ನ ಕಡೆ ತಿರುಗಿ “ಮುಂ…” ಎಂದವರು ನುಂಗಿಕೊಂಡರು. ನನ್ನನ್ನೂ ಬಂಗಾರಮ್ಮನನ್ನೂ ನೋಡಿದರು. ಮುಖ ಕೆಂಪಾಯಿತು. ಕಣ್ಣು ಮುಚ್ಚಿ, ತಮ್ಮ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಳ್ಳುವವರ ಹಾಗೆ ಕೂಗಿದರು: “ಪಟ್ಟಿ! ಪಟ್ಟಿ ತಾ!”

ಅದೇ ಗಳಿಗೆಗೆ ಆ ಕಡೆಯಿಂದ ಬಂಗಾರಮ್ಮ, ಸಿಸ್ಟರ್‌ಗೆ ಅರ್ಥವಾಗಲಿ ಎಂದು ಗಂಟಲು ಹರಿಯುವ ಹಾಗೆ ಕೂಗಿದಳು: “ಮುಂಡ್ ತಾ! ಗಾದ್ರೀ, ಮುಂಡ್ ತಾ!”

ಅನ್ನಪೂರ್ಣಮ್ಮ ನೋವನ್ನೂ ಬಿಟ್ಟು ತಲೆಯೆತ್ತಿದರು. “ಯಾರಿಗೆ ರೀ ಮುಂಡೆ ಅಂತೀರಿ? ನನ್ನ ಗಂಡ ನ್ಯಾಮತಿಯಾಗೆ ಗುಂಡ್ಕಲ್ಲಿನಂಗೆ ಅವ್ರೆ!”

ಮೊದಲು ನಕ್ಕವಳು ನಾನು. ಕಪಾಟಿಗೆ ಒರಗಿ, ಬಟ್ಟೆ ಎದೆಗೆ ಅವಚಿಕೊಂಡು, ಬಿದ್ದೇಬಿಡುತ್ತೇನೆ ಅನ್ನುವ ಹಾಗೆ. ಆಮೇಲೆ ಕುಂಜಮ್ಮ. ಆಮೇಲೆ ಏಲಿಯಮ್ಮ ಸಿಸ್ಟರ್, ಕೈ ಅಲ್ಲಾಡಬಾರದೆಂದು ಮೈಯೆಲ್ಲ ಬಿಗಿಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ. ಬಂಗಾರಮ್ಮ “ಯವ್ವಾ, ಯವ್ವಾ” ಎಂದು ಮಂಚದ ಕಾಲು ಹಿಡಿದುಕೊಂಡಳು. ಏನೆಂದು ತಿಳಿಯದೆ ಅನ್ನಪೂರ್ಣಮ್ಮನಿಗೂ ನಗು ಬಂತು. ನಗು ಬಂದದ್ದೇ ತಡ, ಮಗುವೂ ಬಂತು.

“ಹಿಡಿ ಹಿಡಿ ಹಿಡಿ!” ಎಂದಳು ಬಂಗಾರಮ್ಮ.

“ಹಿಡಿದಿದೆ! ಬಟ್ಟೆ!” ಎಂದರು ಸಿಸ್ಟರ್.

“ಬಟ್ಟೆ ಗೊತ್ತಿತ್ತಾ ನಿಂಗೆ? ಬಟ್ಟೆ ಅನ್ನಾಕೆ ಬರ್ತಿತ್ತಾ? ಎಲ್ಡು ವರ್ಷದ ಹಿಂದೆ ಅನ್ನಾಕೆ ಏನಾಗಿತ್ತು?”

“ಆಗ ಕನ್ನಡ ಬರ್ತಿರಲಿಲ್ಲ! ನಿನಗೆ ಬರ್ತಿತ್ತಲ್ಲ, ನೀ ಬಟ್ಟೆ ಅನ್ನಬೇಕಿತ್ತು!”

ಎರಡು ವರ್ಷದ ಮೇಲೆ ಆಡಿದ ಮೊದಲ ಮಾತುಗಳು ಇವು. ಹೆಣ್ಣುಮಗು. ನಮ್ಮೆಲ್ಲರಿಗಿಂತ ಜೋರಾಗಿ ಕೂಗಿತು.

ಹೊರಗೆ ಬಂದಾಗ ಬೀಗಿತಿ ಎದ್ದು ನಿಂತಿದ್ದರು. “ಇದೇನು ಹೆರಿಗೆ ಆಸ್ಪತ್ರೆಯೋ ನಾಟಕದ ಟೆಂಟೋ? ಹೆರೋಳೂ ನಗ್ತಾಳೆ, ಹೆರಿಗೆ ಮಾಡ್ಸೋರೂ ನಗ್ತಾರೆ!” ಮಹೇಶ್ವರಪ್ಪನವರು ನಮ್ಮನ್ನು ಒಬ್ಬೊಬ್ಬರನ್ನೇ ನೋಡಿದರು. ಒಂದು ಮಾತೂ ಆಡದೆ ಜೀಪು ಹತ್ತಿದರು.

೧೩ ಮಾರ್ಚ್

ಯಾರೂ ಬರಲಿಲ್ಲ, ಏನೂ ಹೇಳಿ ಕಳಿಸಲಿಲ್ಲ. ಹೊರಡಬೇಕಾಗಿ ಬಂದರೆ ಇರಲಿ ಎಂದು ಬಟ್ಟೆ ಗಂಟು ಕಟ್ಟಿಟ್ಟೆ. ಬಂಗಾರಮ್ಮ ಬಂದು ನೋಡಿ ಬಿಚ್ಚಿ ಹೋದಳು. ಮತ್ತೆ ಕಟ್ಟಿದೆ. ಏಲಿಯಮ್ಮ ಸಿಸ್ಟರ್ ಬಂದು ಬಿಚ್ಚಿದರು.

೧೪ ಮಾರ್ಚ್

ಮಹೇಶ್ವರಪ್ಪನವರು ಹತ್ತು ಗಂಟೆಗೆ ಬಂದರು. ಕಂಕುಳಲ್ಲಿ ಒಂದು ಕಾಗದದ ಪೊಟ್ಟಣ. ಎಲ್ಲರೂ ವರಾಂಡಕ್ಕೆ ಬಂದೆವು. ಈ ಸಲ ಯಾರು ಯಾವ ಕಂಬಕ್ಕೆ ನಿಂತರೋ ನೋಡಲಿಲ್ಲ. ಅವರ ಮುಖ ಗಂಟಾಗಿತ್ತು.

“ಕೊನೆಗೆ ಬಂದೋರು ಯಾರು?” ಎಂದರು.

ಒಂದು ಹೆಜ್ಜೆ ಮುಂದಿಡಬೇಕೆಂದುಕೊಂಡೆ. ಅಷ್ಟರಲ್ಲಿ ಬಂಗಾರಮ್ಮ ನನ್ನನ್ನು ಮೊಣಕೈಯಿಂದ ಹಿಂದೆ ತಳ್ಳಿ ಮುಂದೆ ಹೋದಳು.

“ನಾನೇ ರೀ ಯಜಮಾನ್ರೇ.”

“ನೀನಾ? ಇಪ್ಪತ್ತೆರಡು ವರ್ಷ ಆತು ನೀ ಬಂದು!”

“ಇವತ್ತಿನ ಮಾತು ಕೇಳಿದ್ರಿ ಅನ್ಕೊಂಡೆ. ಇವತ್ತು ನಾನೇ ಕೊನೆಗೆ ಬಂದಿದ್ದು. ಆರೂವರೆ ಆಗಿತ್ತು.”

“ಸುಳ್ಳು ಸಾರ್” ಎಂದು ಏಲಿಯಮ್ಮ ಸಿಸ್ಟರ್ ಮುಂದೆ ಬಂದರು. “ಆರೂವರೆ ಅಲ್ಲ, ಆರು ಗಂಟೆಗೆ ಬಂದಳು. ನಾನು ಏಳಕ್ಕೆ ಬಂದದ್ದು. ಕೊನೆಗೆ ನಾನು.”

“ಏನ್ ಸುಳ್ಳು? ನೀ ಏಳಕ್ಕೆ ಬಂದ್ರೆ ಆರೂಕಾಲಿಗೆ ಬಿಸಿನೀರು ತಣ್ಣಗೈತೆ ಅಂತ ನನ್ನ ಜೊತೆ ಜಗಳ ಆಡಿದ್ದು ಯಾರು, ನಿನ್ನ ದೆವ್ವನಾ?”

“ಅದು ತಣ್ಣಗೇ ಇತ್ತು!”

ತಿಪ್ಪೇಶಪ್ಪ ಗೇಟಿನಿಂದ “ನಾನು ಇವತ್ತು ಇನ್ನೂ ಬಂದೇ ಇಲ್ಲ ರೀ” ಎಂದು ಕೂಗಿದ.

ಮಹೇಶ್ವರಪ್ಪನವರು ಕಂಬ ಹಿಡಿದುಕೊಂಡರು. “ಏನ್ರಮ್ಮ ಇದು? ಮಾತಾಡ್ರಿ ಅಂದ್ರೆ ಇಷ್ಟು ಮಾತಾಡಾದಾ? ಆವತ್ತು ಹೊಟ್ಟೆಪಟ್ಟಿ ತಂದ್ಕೊಟ್ಟು ನಕ್ಳಂತಲ್ಲ, ಆ ಹುಡುಗಿಗೆ ಯೂನಿಫಾರಂ ಸೀರೆ ಕೊಟ್ಟಿಲ್ಲ ಅಂತ ನನ್ನ ಮಗಳು ಜೀವ ತಿಂತೈತೆ. ಕೊನೆಗೆ ಬಂದೋಳು ಯಾರು, ಹೆಸ್ರೇನು ಅಂತ ಕೇಳಿದ್ದು. ಬೀಗಿತಿ ಬೇರೆ ಊರೆಲ್ಲ ಹೇಳ್ಕೊಂಡು ತಿರುಗ್ತಾ ಅವ್ರೆ, ನಮ್ಮ ಸೊಸೆ ನಗ್ತಾ ನಗ್ತಾ ಹೆತ್ಲು, ಶಿವಮೊಗ್ಗದಾಗೆ ಹಿಂಗೆ ಆಗ್ತೈತಾ ಅಂತ.”

ಪೊಟ್ಟಣದಲ್ಲಿ ಎರಡು ನೀಲಿ ಸೀರೆ, ಹಸಿರು ಅಂಚು. ಕಾಯಂ ಆದವರಿಗೆ ಕೊಡುವುದು.

ನಾನು “ಗಾದ್ರಮ್ಮ” ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

೧೮ ಮಾರ್ಚ್

ಇಲ್ಲಿ ಈಗ ಒಂದು ಗಳಿಗೆ ಸದ್ದು ನಿಲ್ಲುವುದಿಲ್ಲ. ಬೆಳಗಾದರೆ ಬಂಗಾರಮ್ಮ, ಏಲಿಯಮ್ಮ ಸಿಸ್ಟರ್ ಒಲೆಯ ಹತ್ತಿರ ಶುರು ಮಾಡುತ್ತಾರೆ. ನೀರು ಬಿಸಿ, ನೀರು ತಣ್ಣಗೆ. ನಿಮ್ಮ ಕಡೆ ಅಕ್ಕಿ ದಪ್ಪ, ನಿಮ್ಮ ಕಡೆ ಖಾರ ಜಾಸ್ತಿ. ಡೈರಿ ಬರೆಯಲು ನನಗೆ ಹೊತ್ತೇ ಸಿಗುತ್ತಿಲ್ಲ.

ಇಂದು ಭಾವನಿಗೆ ಇನ್‌ಲ್ಯಾಂಡ್ ಲೆಟರ್ ಬರೆಯಲು ಕೂತೆ. ಕೆಲಸ ಕಾಯಂ ಆಯಿತು, ಉಗಾದಿಗೆ ಬರುವುದಿಲ್ಲ, ನನ್ನ ಟ್ರಂಕನ್ನು ಬಸ್ಸಿಗೆ ಹಾಕಿ ಕಳಿಸಬೇಕು. ಇಷ್ಟೇ. ಆದರೆ ಇಬ್ಬರೂ ಬಂದು ಎರಡೂ ಭುಜದ ಮೇಲೆ ಬಗ್ಗಿದರು.

“ದಯವಿಟ್ಟು ಅಂತ ಹಾಕು ಮೋಳೇ. ದಯವಿಟ್ಟು ಟ್ರಂಕು ಕಳಿಸಿ. ಅದು ಮರ್ಯಾದೆ.”

“ಯಾಕೆ ದಯವಿಟ್ಟು? ಟ್ರಂಕು ಆಕಿದು! ಬಸ್ಸಿನ ಹತ್ರ ನಿಂತು ಬೈದೋನಿಗೆ ದಯವಿಟ್ಟಾ? ಬರಿ, ಎಂಟು ದಿನದಾಗೆ ಟ್ರಂಕು ಬರ್ಲಿಲ್ಲ ಅಂದ್ರೆ ಬಂಗಾರಮ್ಮ ಬರ್ತಾಳೆ ಅಂತ ಬರಿ.”

“ಕಾಗದದಲ್ಲಿ ಜಗಳ ಬೇಡ!”

“ಕಾಗದದಾಗೆ ಬ್ಯಾಡ ಅಂದ್ರೆ ಇಲ್ಲೇ ಆಡಾನ ಬಾ!”

ಅವರನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಬಂದೆ. ನಿಂತುಕೊಂಡೇ ಬರೆದು, ಅಂಟಿಸಿ, ಅಂಚೆ ಡಬ್ಬಿಗೆ ಹಾಕಿ ಬಂದೆ. ವಾಪಸ್ಸು ಬಂದರೂ ಜಗಳ ಮುಗಿದಿರಲಿಲ್ಲ. ದಯವಿಟ್ಟು ಬೇಕೇ ಬೇಡವೇ ಎಂದು ಈಗ ಕುಂಜಮ್ಮ, ಶಂಕ್ರಮ್ಮ, ನಾಲ್ಕನೇ ಮಂಚದ ಬಾಣಂತಿಯೂ ಸೇರಿಕೊಂಡಿದ್ದಾರೆ.

ದಯವಿಟ್ಟು ಎಂದು ನಾನು ಬರೆದಿಲ್ಲ.